ಮೂರು ದಿನಕ್ಕೊಂದು ಗ್ರಹಣ

ಆಗಿನ್ನೂ ದೇವರಾಯಸಮುದ್ರದ ಕೆರೆ ಏರಿಯ ಮೇಲೆ ನಿಂತರೆ ಆಕಾಶ ಪೂರ್ತಿ ಕಾಣುತ್ತಿತ್ತು. ನಾನು ಏಳನೇ ಕ್ಲಾಸು. ದಿನವೂ ಏನಾದರೊಂದನ್ನು ಎಣಿಸಿ ಡೈರಿಗೆ ಬರೆಯುವ ಚಟ. ಆ ಚಳಿಗಾಲದಲ್ಲಿ ನಾನು ಲೆಕ್ಕವಿಟ್ಟದ್ದು ಒಂದು ನಕ್ಷತ್ರದ್ದು.

ತೋರಿಸಿದವರು ವಿಜ್ಞಾನದ ಮೇಷ್ಟ್ರು. "ಆಲ್ಗಾಲ್ ಅಂತ. ಪಿಶಾಚಿ ತಲೆ ಅಂತ ಅರ್ಥ. ಅಲ್ಲಿರೋದು ಒಂದಲ್ಲ ಕಣಮ್ಮ, ಎರಡು. ಮಂಕಾಗಿರೋದು ಬೆಳಗೋದರ ಮುಂದೆ ಬಂದಾಗ ಗ್ರಹಣ. ಎರಡು ದಿನ ಇಪ್ಪತ್ತೊಂದು ಗಂಟೆಗೆ ಒಂದು ಸಲ, ತಪ್ಪೋದೇ ಇಲ್ಲ." ಬೆಳಗುವುದು ಮಂಕಾದುದರ ಮೈಯನ್ನೇ ಹೀರಿ ಬೆಳೆದಿದೆ ಎಂದೂ ಹೇಳಿದರು.

ಅದನ್ನೆಲ್ಲ ಅಡುಗೆಮನೆಯಲ್ಲಿ ಒದರಿದ್ದು ನನ್ನ ತಪ್ಪು. ನೆನೆಸಿದ ಅವರೆಕಾಳು ಹಿದುಕುತ್ತಿದ್ದ ಅಜ್ಜಿಯ ಕೈ ನಿಂತಿತು. ಹೆರಿಗೆಗೆಂದು ಬಂದಿದ್ದ ಅವಳ ಮಗಳು ಜಯತ್ತೆ ಗೋಡೆಗೊರಗಿ ಕೂತಿದ್ದಳು. ಜಯತ್ತೆಯ ಮೊದಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ಸೂರ್ಯಗ್ರಹಣದ ಹೊತ್ತಿನಲ್ಲಿ ಉಂಡದ್ದೇ ಕಾರಣವೆಂದು ಅಜ್ಜಿ ನಂಬಿದ್ದಳು.

"ಒಂದು ಇನ್ನೊಂದನ್ನ ತಿನ್ನತ್ತೇನೇ? ಗ್ರಹಣ ಎಷ್ಟೊತ್ತಿರತ್ತೆ?"

"ಹತ್ತು ಗಂಟೆ ಅಜ್ಜಿ."

"ಕ್ಯಾಲೆಂಡರಲ್ಲಿ ಗುರುತು ಹಾಕು."

ಹಗಲಿನವನ್ನೂ ಬಿಡದೆ ಹಾಕಿದೆ. ಆ ದಿನಗಳಲ್ಲಿ ಒಲೆ ಆರುತ್ತಿತ್ತು. ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ ಬೀಳುತ್ತಿತ್ತು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಜಯತ್ತೆಗೆ ಹತ್ತು ಗಂಟೆ ನೀರೂ ಇಲ್ಲ. ಅಪ್ಪ ಬೈದರೆ, ತಾನು ಅನ್ನವನ್ನೇ ಬಿಡುತ್ತೇನೆಂದು ಅಜ್ಜಿ ಹೆದರಿಸುತ್ತಿದ್ದಳು.

"ಲೇ, ನಿನ್ ನಕ್ಷತ್ರಕ್ಕೆ ಭಾನುವಾರನಾದ್ರೂ ರಜಾ ಇಲ್ವೇನೇ?" ಎಂದು ಜಯತ್ತೆ ಮೊದಮೊದಲು ನಗುತ್ತಿದ್ದಳು. ಐದನೆಯ ಗ್ರಹಣದ ಪುಟದಲ್ಲಿದೆ: "ಅತ್ತೆಯ ಕಣ್ಣು ಒಳಗೆ ಹೋಗಿದೆ. ಇವತ್ತು ನಗಲಿಲ್ಲ." ಏಳನೆಯದರ ದಿನ ಬಾಗಿಲು ಹಿಡಿದು ನಿಂತವಳು ಹಾಗೇ ಕುಸಿದಳು.

ಎಂಟನೆಯ ಸಂಜೆ ಏರಿ ಹತ್ತಿ ನೋಡಿದೆ. ನಾನು ಬರೆದ ಹೊತ್ತಿಗೆ ಸರಿಯಾಗಿ ಅದು ಮಂಕಾಗುತ್ತಿತ್ತು. ಅಲ್ಲೇ ಕೂತು ಡೈರಿಗೆ ಸುಳ್ಳು ಬರೆದು, ಮನೆಗೆ ಓಡಿದೆ.

"ಅಜ್ಜಿ, ಇವತ್ತು ಮಂಕಾಗ್ಲಿಲ್ಲ. ಗ್ರಹಣ ನಿಂತೋಯ್ತು."

"ಸರಿಯಾಗಿ ನೋಡಿದ್ಯಾ?"

"ಬರ್ದಿದೀನಿ, ನೋಡು."

ಓದಲು ಬಾರದ ಅಜ್ಜಿ ಆ ಪುಟವನ್ನು ಕಣ್ಣಿಗೊತ್ತಿಕೊಂಡು ಒಲೆ ಹಚ್ಚಿದಳು.

ಜಯತ್ತೆಯ ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಬದುಕಿದಳು. ಆದರೆ ಇಂದಿಗೂ ನಾಲ್ಕು ಮೆಟ್ಟಿಲು ಹತ್ತಿದರೆ ಅವಳಿಗೆ ಉಸಿರು ಕಟ್ಟುತ್ತದೆ. ಅದರಲ್ಲಿ ನನ್ನ ಪಾಲೆಷ್ಟು ಎಂದು ಯಾವ ಪುಟದಲ್ಲೂ ಲೆಕ್ಕ ಹಾಕಿಲ್ಲ.

ಈಗ ಹೆದ್ದಾರಿಯ ದೀಪಗಳಲ್ಲಿ ಆ ನಕ್ಷತ್ರ ಸರಿಯಾಗಿ ಕಾಣುವುದಿಲ್ಲ. ಕಾಣದಿದ್ದರೂ ಹೊತ್ತು ತಪ್ಪದೆ ಮಂಕಾಗುತ್ತಲೇ ಇದೆ. ಅಜ್ಜಿ ಹೋದಳು. ನನ್ನ ಒಂದು ಮಾತಿಗೆ ಒಲೆ ಆರಿಸುವವರೂ ಇಲ್ಲ, ಹಚ್ಚುವವರೂ ಇಲ್ಲ.