ಸಿಸ್ಟಂ ಅಕ್ಕ ಮತ್ತು ಮೂಲೆಯ ಮೇಜು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ಕಚೇರಿಯಲ್ಲಿ ಸಾಲು ಸಾಲು ಖಾಲಿ ಕುರ್ಚಿಗಳ ನಡುವೆ ಒಬ್ಬ ಹೆಂಗಸು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಕಾವಲುಗಾರ ಇವರನ್ನು 'ಸಿಸ್ಟಂ ಅಕ್ಕ' ಎಂದು ಕರೆಯುತ್ತಾನೆ. ಇಲ್ಲಿ ಇವರನ್ನು ಮಾತಾಡಿಸುವವನು ಅವನೊಬ್ಬನೇ.

ಸಂಜೆ ಮನೆಗೆ ಓಡುವ ಸಿಬ್ಬಂದಿ ಏನನ್ನೂ ಮುಚ್ಚಿ ಹೋಗುವುದಿಲ್ಲ. ಹಾಡು, ಸಿನಿಮಾ, ಸೀರೆ ಅಂಗಡಿ, ಮ್ಯಾಚಿನ ಸ್ಕೋರು ಎಲ್ಲವೂ ಪರದೆಯ ಹಿಂದೆ ಓಡುತ್ತಲೇ ಇರುತ್ತವೆ. ಬೆಳಿಗ್ಗೆ ಬಂದು, ಯಂತ್ರ ತೆವಳಿದರೆ, ಇದೆಂಥಾ ಡಬ್ಬಾ ಎಂದು ಅದಕ್ಕೇ ಮಂಗಳಾರತಿ ಎತ್ತುತ್ತಾರೆ. ಯಾವುದು ಹೆಚ್ಚು ಮೆಮೊರಿ ತಿನ್ನುತ್ತಿದೆ ಎಂದು ನೋಡಿ, ಬೇಡದ್ದನ್ನೆಲ್ಲ ಮುಚ್ಚಿ, ಅವರು ಬರುವಷ್ಟರಲ್ಲಿ ಜಾಗ ಖಾಲಿ ಮಾಡುವುದು ಅಕ್ಕನ ಕೆಲಸ.

"ಕೆಲ್ಸ ಚೆನ್ನಾಗಾದ್ರೆ ನಾನು ಬಂದಿದ್ದೇ ಗೊತ್ತಾಗ್ಬಾರ್ದು. ಆ ಲೆಕ್ಕದಲ್ಲಿ ನಾನು ಪಾಸು" ಎಂದು ನಗುತ್ತಾರೆ. ಗಂಡ ತೀರಿಕೊಂಡ ಮೇಲೆ ಮನೆಯಲ್ಲೂ ಮಾತಿಗೆ ಯಾರೂ ಇಲ್ಲ. ಒಂಟಿತನ ಅಭ್ಯಾಸವಾಗಿದೆ ಎನ್ನುತ್ತಾರೆ. ನಂಬುವುದು ಕಷ್ಟ.

ಮೂಲೆಯ ಮೇಜಿನ ಹತ್ತಿರ ಬಂದಾಗ ಅಕ್ಕನ ದನಿ ಇಳಿಯುತ್ತದೆ. "ಯಾವ ಆಫೀಸು ಅಂತ ಬರೀಬೇಡಿ" ಎನ್ನುತ್ತಾರೆ. ಇಲ್ಲಿ ಕೂರುವವರು ತಮ್ಮ ಮನೆಯ ಕ್ಯಾಮೆರಾದ ದೃಶ್ಯವನ್ನು ದಿನವೂ ತೆರೆದಿಟ್ಟೇ ಹೋಗುತ್ತಿದ್ದರು. ಯಂತ್ರವನ್ನು ಹಿಂಡುತ್ತಿದ್ದದ್ದು ಅದೇ. ಅದರಲ್ಲಿ ಬೆಳಗಿನ ಆ ಹೊತ್ತಿಗೆ ಹಾಸಿಗೆ ಹಿಡಿದ ತಾಯಿ, ಪಕ್ಕದಲ್ಲಿ ಕೂತು ತಲೆ ಬಾಚುವ ಮಗ, ಅಂದರೆ ಈ ಮೇಜಿನವರೇ.

"ಕಂಡ ತಕ್ಷಣ ಮುಚ್ಬೇಕು. ನೋಡೋದು ತಪ್ಪು. ಆದ್ರೆ ಅದೊಂದನ್ನ ಕೊನೆಗೆ ಇಟ್ಕೊಳ್ತಿದ್ದೆ. ಅವ್ರು ಜಡೆ ಹಾಕಿ ಮುಗಿಸೋ ತನಕ ಕೂತಿದ್ದು ಮುಚ್ತಿದ್ದೆ. ಮನೇಲಿ ಜನ ಇದ್ದಂಗೆ ಅನ್ಸೋದು."

ಕಳೆದ ತಿಂಗಳು ಒಂದು ಬೆಳಿಗ್ಗೆ ಮಂಚ ಖಾಲಿಯಿತ್ತು. ದಿಂಬಿನ ಮೇಲೆ ಬಾಚಣಿಗೆ ಇತ್ತು. ಆ ಸಾರ್ ತಾಯಿ ಹೋಗಿಬಿಟ್ಟರಂತೆ ಎಂದು ಮಾರನೆಯ ದಿನ ಕಾವಲುಗಾರ ಹೇಳಿದ. ಅಕ್ಕ ಶೌಚಾಲಯದಲ್ಲಿ ನಿಂತು ಅತ್ತರು. ಯಾರಿಗಾಗಿ ಅಳುತ್ತಿದ್ದೀರಿ ಎಂದು ಕೇಳಿದ್ದರೆ ಹೇಳಲು ಅವರಿಗೆ ಒಂದು ಹೆಸರೂ ಗೊತ್ತಿರಲಿಲ್ಲ.

ಮಗ ಕೆಲಸಕ್ಕೆ ಮರಳಿದ್ದಾರೆ. ಕ್ಯಾಮೆರಾ ಮತ್ತೆ ತೆರೆದಿಲ್ಲ. ಈಗ ಇಡೀ ಕಚೇರಿಯಲ್ಲಿ ಮೂಲೆಯ ಕಂಪ್ಯೂಟರೇ ಎಲ್ಲಕ್ಕಿಂತ ಚುರುಕು. ಮುಚ್ಚಲು ಅದರಲ್ಲಿ ಏನೂ ಇರುವುದಿಲ್ಲ. ಆದರೂ ಅಕ್ಕ ಅದರ ಮುಂದೆ ಸ್ವಲ್ಪ ಹೊತ್ತು ಕೂತೇ ಏಳುತ್ತಾರೆ.

ಕೆಳಗೆ ಲಿಫ್ಟಿನ ಸದ್ದು. ಅಕ್ಕ ಚೀಲ ಹೆಗಲಿಗೇರಿಸಿ ಹಿಂದಿನ ಮೆಟ್ಟಿಲ ಕಡೆ ಹೊರಡುತ್ತಾರೆ.

"ಒಂದಿನ ಅವ್ರು ಬರೋ ತನಕ ಇರ್ಬೇಕು ಅಂತ ಆಸೆ. ನೋಡ್ತಿದ್ದೆ ಅಂತ ಹೇಳೋಕಾಗಲ್ಲ. ತಿಂಡಿ ಆಯ್ತಾ ಅಂತ ಕೇಳ್ತೀನಿ, ಅಷ್ಟೇ. ಅದನ್ನ ಕೇಳೋರು ಅವ್ರ ಮನೇಲೂ ಈಗ ಇಲ್ವಲ್ಲ."