ಬುಧವಾರದ ಮಾಸ್ಟ್ರ ಬೆರಳುಗಳು

ಆ ಬೀದಿಯಲ್ಲಿ ಅವರಿಗೆ ಬುಧವಾರದ ಮಾಸ್ಟ್ರು ಅಂತಲೇ ಹೆಸರು. ಎದುರಿಗಲ್ಲ, ಬೆನ್ನ ಹಿಂದೆ. ಬಟ್ಟೆ ಕೊಟ್ಟು "ಯಾವಾಗ ಬರಲಿ?" ಎಂದು ಯಾರೇ ಕೇಳಲಿ, ಯಾವ ದಿನವೇ ಕೇಳಲಿ, ಅವರ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ಬುಧವಾರ ಬನ್ನಿ." ಯಾವ ಬುಧವಾರ ಎಂದು ಮಾತ್ರ ಹೇಳುತ್ತಿರಲಿಲ್ಲ. ಮಗಳ ಮದುವೆಗೆಂದು ಕೋಟು ಹೊಲಿಯಲು ಕೊಟ್ಟವನೊಬ್ಬ ಮೊಮ್ಮಗುವನ್ನು ಎತ್ತಿಕೊಂಡು ಬಂದು ಕೋಟು ಒಯ್ದನಂತೆ. ಈ ಕಥೆ ಹೇಳಿದವನು ಎದುರಿನ ಅಂಗಡಿಯ ಕ್ಷೌರಿಕ. ಅವನ ಮಾತಿನಲ್ಲಿ ಅರ್ಧ ಕತ್ತರಿಸಿ ಎಸೆದೇ ನಂಬಬೇಕು. ಆದರೆ ಮಾಸ್ಟ್ರ ಹೊಲಿಗೆಗೆ ಕೊಂಕು ತೆಗೆದವರನ್ನು ನಾನಂತೂ ಕಾಣೆ. ಬೈದುಕೊಂಡು ಹೋದವನೂ ಮುಂದಿನ ಬಟ್ಟೆ ಹಿಡಿದು ಅಲ್ಲಿಗೇ ಬರುತ್ತಿದ್ದ.

ಅಂಗಡಿ ಎಂದರೆ ಒಂದು ಕೋಣೆ. ಎರಡು ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಒಂದು ಯಂತ್ರ ಅವರದು, ಇನ್ನೊಂದು ಹೆಂಡತಿಯದು. ಕತ್ತರಿಸಿ ಹೊಲಿಯುವುದು ಅವರು. ಕಾಜ ಕಟ್ಟುವುದು, ಗುಂಡಿ ಹಚ್ಚುವುದು, ಅಂಚು ಮಡಚುವುದು ಆಕೆ. ಮೂವತ್ತೊಂದು ವರ್ಷ ಹಾಗೆ ಎದುರುಬದುರು ಕೂತು ಜಗಳವಾಡಿದ್ದರು, ನಕ್ಕಿದ್ದರು. ಬಟ್ಟೆಯ ಮೇಲೆ ಬೆರಳು ಆಡಿಸಿದರೆ ಸಾಕು, ಇದು ಒಗೆದರೆ ಎಷ್ಟು ಕುಗ್ಗುತ್ತದೆ ಎಂದು ಮಾಸ್ಟ್ರು ಹೇಳಿಬಿಡುತ್ತಿದ್ದರು. "ನಿಮಗೆ ಕಣ್ಣು ಇರೋದು ಬೆರಳ ತುದೀಲಿ" ಎಂದು ಆಕೆ ಛೇಡಿಸುತ್ತಿದ್ದರು.

ಕರುಳಿನಲ್ಲಿ ಹುಟ್ಟಿದ ಗಡ್ಡೆ ಲಿವರ್ರಿಗೂ ಹೋಗಿದೆ ಎಂದು ಗೊತ್ತಾದಾಗ ಅವರಿಗೆ ಐವತ್ತೆಂಟು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ವಯಸ್ಸಿನಲ್ಲಿ ಮಗಳ ಹಾಗಿದ್ದರು. ನಿಧಾನವಾಗಿ, ಕಣ್ಣು ನೋಡಿ ಮಾತಾಡುವವರು. ಎರಡು ವಾರಕ್ಕೊಮ್ಮೆ ಕೀಮೋ, ಆರು ಸಲ ಆದಮೇಲೆ ಸ್ಕ್ಯಾನ್ ಮಾಡಿ ನೋಡೋಣ ಎಂದರು. ಮಾಸ್ಟ್ರ ಕಿವಿಗೆ ಬಿದ್ದದ್ದು ಆರು ಎಂಬುದೊಂದೇ. "ನೋಡೋಣ" ಎಂಬುದು ಗಾಳಿಯಲ್ಲಿ ಹೋಯಿತು. ಆರನೆಯದು ಮುಗಿದ ದಿನ ಹೊಸ ಅಂಗಿ ತೊಟ್ಟು, ನರ್ಸಮ್ಮಂದಿರಿಗೆಲ್ಲ ಹೇಳಿ ಬರಲು ಹೋದರು. "ಗಡ್ಡೆ ಸ್ವಲ್ಪ ಕುಗ್ಗಿದೆ. ಇನ್ನೂ ಆರು ಕೊಡೋಣ" ಎಂದರು ಡಾಕ್ಟರಮ್ಮ. ಹನ್ನೆರಡೂ ಆಯಿತು.

"ಈಗ ಸಾಕಲ್ವಾ, ಮೇಡಂ?"

"ಇಲ್ಲ ಮಾಸ್ಟ್ರೇ. ಔಷಧಿ ಕೆಲಸ ಮಾಡ್ತಿರೋವರೆಗೂ ಕೊಡ್ತೀವಿ. ನಿಮ್ಮ ಮೈ ತಡ್ಕೊಳ್ಳೋವರೆಗೂ."

"ಅಂದ್ರೆ ಎಷ್ಟು ಸಲ?"

"ಲೆಕ್ಕ ಹೇಳೋಕೆ ಆಗಲ್ಲ. ಸುಮ್ನೆ ಒಂದು ಸಂಖ್ಯೆ ಹೇಳಿದ್ರೆ ಅದು ಸುಳ್ಳಾಗುತ್ತೆ."

ಜನ್ಮವಿಡೀ ಊರಿಗೆಲ್ಲ ಸುಳ್ಳು ಬುಧವಾರ ಹೇಳಿದ ಮನುಷ್ಯ ಅಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸುಳ್ಳಾದರೂ ಸರಿ, ಒಂದು ದಿನ ಹೇಳಬಾರದಿತ್ತೆ ಈಕೆ? ಇಂಥ ತಿಂಗಳಿಗೆ ಮುಗಿಯುತ್ತೆ ಅಂದಿದ್ದರೆ ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡು ಇರಬಹುದಿತ್ತು. ಮುಗಿಯುವುದೇ ಇಲ್ಲ ಎಂದರೂ ಹೆದರಿಕೆ, ನಾಳೆಯೇ ಮುಗಿಯಿತು ಎಂದರೂ ಹೆದರಿಕೆ. ಎರಡನೆಯದೇ ಹೆಚ್ಚಿನ ಹೆದರಿಕೆ ಎಂದು ಅವರಿಗೆ ಗೊತ್ತಾದದ್ದು ಕೀಮೋ ಕೊಡುವ ವಾರ್ಡಿನಲ್ಲಿ.

ಅಲ್ಲಿ ಸಾಲಾಗಿ ಒರಗು ಕುರ್ಚಿಗಳು. ಪ್ರತಿಯೊಂದರ ಪಕ್ಕ ಒಂದು ಕಂಬ, ಕಂಬಕ್ಕೊಂದು ಚೀಲ. ಮಾಸ್ಟ್ರ ಪಕ್ಕದ ಕುರ್ಚಿಗೆ ಬರುತ್ತಿದ್ದವನು ನಿವೃತ್ತ ಬಸ್ ಡ್ರೈವರ್, ಮಹಾ ಮಾತುಗಾರ. ಹನಿ ನಿಧಾನವಾದರೆ "ಏನ್ ಸಿಸ್ಟರ್, ಟ್ರಾಫಿಕ್ ಜಾಮಾ?" ಎಂದು ನಗಿಸುತ್ತಿದ್ದ. ಒಂದು ದಿನ, ಪಾದ ಜೋಮು ಹಿಡಿದಿದೆ, ನೆಲ ತಾಗಿದ್ದೇ ಗೊತ್ತಾಗಲ್ಲ ಎಂದು ಡಾಕ್ಟರಮ್ಮನಿಗೆ ಹೇಳಿದ. ಅಂದು ಅವನ ಚೀಲ ಬರಲಿಲ್ಲ. "ನಿಲ್ಲಿಸಿದಾರಂತೆ" ಎಂದು ಹೇಳಿ ಚಪ್ಪಲಿ ಹುಡುಕಿಕೊಂಡು ಹೋದ. ಮುಂದಿನ ಸಲ ಕುರ್ಚಿ ಖಾಲಿ. ಅದರ ಮುಂದಿನ ಸಲ ಯಾರೋ ಬೇರೆಯವರು ಕೂತಿದ್ದರು. ಮಾಸ್ಟ್ರು ಯಾರನ್ನೂ ಏನೂ ಕೇಳಲಿಲ್ಲ. ಕೇಳಿ ಉತ್ತರ ಬಂದುಬಿಟ್ಟರೆ?

ಅವರು ಹೆದರಲು ಕಾರಣವಿತ್ತು. ಆ ಹೊತ್ತಿಗಾಗಲೇ ಅವರ ಬೆರಳ ತುದಿಗಳೂ ಜುಮುಗುಟ್ಟಲು ಶುರುವಾಗಿದ್ದವು. ತಣ್ಣೀರು ಮುಟ್ಟಿದರೆ ಕರೆಂಟು ಹೊಡೆದ ಹಾಗೆ. ಆಮೇಲೆ ಜುಮುಗುಟ್ಟುವುದೂ ನಿಂತು, ಬೆರಳೇ ತಮ್ಮದಲ್ಲ ಎನಿಸತೊಡಗಿತು. ಡಾಕ್ಟರಮ್ಮ ಪ್ರತಿ ಸಲವೂ ಕೇಳುತ್ತಿದ್ದರು: "ಕೈಕಾಲು ಜೋಮು ಹಿಡಿಯುತ್ತಾ? ಅಂಗಿ ಗುಂಡಿ ಹಾಕ್ಕೊಳ್ಳೋಕೆ ಆಗುತ್ತಾ?"

"ಟೈಲರ್‌ಗೆ ಗುಂಡಿ ಹಾಕ್ಕೊಳ್ಳೋಕೆ ಬರುತ್ತಾ ಅಂತ ಕೇಳ್ತೀರಲ್ಲ ಮೇಡಂ!" ಎಂದು ಇವರು ನಗುತ್ತಿದ್ದರು.

ಮನೆಯಲ್ಲಿ ಒಂದು ಗುಂಡಿ ಹಾಕಲು ಅವರಿಗೆ ಐದು ನಿಮಿಷ ಬೇಕಾಗಿತ್ತು. ಎಂದಾದರೂ ಡಾಕ್ಟರಮ್ಮ "ಎಲ್ಲಿ, ಹಾಕಿ ತೋರಿಸಿ" ಎಂದುಬಿಟ್ಟರೆ ಕಥೆ ಮುಗಿಯಿತು. ಒಂದು ಬೆಳಿಗ್ಗೆ ತಮ್ಮ ನೀಲಿ ಅಂಗಿಯನ್ನು ಹೆಂಡತಿಯ ಯಂತ್ರದ ಮೇಲಿಟ್ಟರು. "ಕಾಜ ಎಲ್ಲ ಮುಚ್ಚಿ ಹೊಲಿದುಬಿಡು. ಗುಂಡಿ ಮೇಲ್ಗಡೆ ಹಾಗೇ ಹಚ್ಚು, ನೋಡೋಕೆ. ಒಳಗೆ ಟಿಚ್ ಬಟನ್ ಹಾಕು." ಟಿಚ್ ಬಟನ್ ಎಂದರೆ ಒತ್ತಿದರೆ ಕೂರುವ, ಎಳೆದರೆ ಬಿಡುವ ಲೋಹದ ಗುಂಡಿ, ಮಕ್ಕಳ ಬಟ್ಟೆಗೆ ಹಾಕುವಂಥದು.

"ಯಾಕ್ರೀ?"

"ಹೊಸ ಫ್ಯಾಷನ್."

ಆಕೆ ಗಂಡನ ಮುಖ ನೋಡಿದರು. ಇವರು ಹೊಲಿದ ಬಿಳಿ ಅಂಗಿಗಳ ಮೇಲೆ ರಕ್ತದ ಚುಕ್ಕೆ ಬೀಳುತ್ತಿದ್ದದ್ದು, ಸೂಜಿ ಚುಚ್ಚಿದ್ದು ಇವರಿಗೇ ತಿಳಿಯದೆ ಇದ್ದದ್ದು, ಆ ಚುಕ್ಕೆಗಳನ್ನು ಉಗುಳು ಹಚ್ಚಿ ಉಜ್ಜಿ ತೆಗೆಯುತ್ತಿದ್ದದ್ದು ಆಕೆಯೇ ತಾನೆ. ಗೊತ್ತಿಲ್ಲದೆ ಏನು? ಬಸ್ ಡ್ರೈವರನ ಕುರ್ಚಿ ಖಾಲಿಯಾದದ್ದನ್ನೂ ಆಕೆ ನೋಡಿದ್ದರು. ಅಂಗಿ ಎಳೆದುಕೊಂಡು ಹೊಲಿದು ಕೊಟ್ಟರು. ಎಷ್ಟು ನಾಜೂಕಾಗಿ ಎಂದರೆ, ದರ್ಜಿಗಳೇ ಬಂದು ನೋಡಿದ್ದರೂ ಮೋಸ ಹೋಗಬೇಕು.

ಡಾಕ್ಟರಮ್ಮ ದರ್ಜಿಯಲ್ಲವಲ್ಲ. ಎದೆ ಪರೀಕ್ಷಿಸಲು ಗುಂಡಿ ಬಿಚ್ಚಿ ಎಂದರು. ಮಾಸ್ಟ್ರು ಟಪಟಪನೆ ಬಿಚ್ಚಿದರು, ಅಂಗೈಯಲ್ಲಿ ಒತ್ತಿ ಟಪಟಪನೆ ಹಾಕಿಕೊಂಡರು. "ಪರವಾಗಿಲ್ಲ, ಕೈ ಚೆನ್ನಾಗಿ ಓಡ್ತಿದೆ" ಎಂದು ಡಾಕ್ಟರಮ್ಮ ಬರೆದುಕೊಂಡರು. ಚೀಲ ಬಂತು. ಗೆದ್ದೆವು ಎಂದುಕೊಂಡರು ಇಬ್ಬರೂ. ಹೀಗೆ ನಾಲ್ಕು ಸಲ ನಡೆಯಿತು.

ಐದನೆಯದಕ್ಕೆ ಎರಡು ದಿನ ಇರುವಾಗ, ಮಧ್ಯಾಹ್ನ, ಮಾಸ್ಟ್ರು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಯಂತ್ರ ಒಮ್ಮೆಲೇ ಬಿಗಿಯಿತು. ದಾರ ಸಿಕ್ಕಿಕೊಂಡಿತೇನೋ ಎಂದು ಚಕ್ರವನ್ನು ಇನ್ನೊಂದು ಸುತ್ತು ಒತ್ತಿ ತಿರುಗಿಸಿದರು. "ಸೂಜಿ ಹಾಳಾಗಿದೆ ಕಣೇ, ಬೇರೆ ಕೊಡು" ಎಂದರು. ಆಕೆ ಸೂಜಿ ಡಬ್ಬಿ ಹಿಡಿದು ಎದ್ದು ಬಂದು ನೋಡುತ್ತಾರೆ: ಸೂಜಿ ಎಡಗೈ ತೋರುಬೆರಳಿನ ಉಗುರನ್ನು ಸೀಳಿ, ಬೆರಳನ್ನು ಬಟ್ಟೆಗೆ ಸೇರಿಸಿ ಹೊಲಿದಿತ್ತು. ಬಟ್ಟೆ ಒದ್ದೆಯಾಗುತ್ತಿತ್ತು. ಮಾಸ್ಟ್ರು ಇನ್ನೂ ಚಕ್ರದ ಕಡೆಗೇ ನೋಡುತ್ತಿದ್ದರು. ಆಕೆಯ ಕೈಯಿಂದ ಡಬ್ಬಿ ಬಿದ್ದು ಸೂಜಿಗಳೆಲ್ಲ ಚೆಲ್ಲಿದವು. "ಅಯ್ಯೋ, ಕೈ ನೋಡ್ಕೊಳ್ರೀ!" ಎಂದು ಕಿರುಚಿದರು. ಆಗ ನೋಡಿಕೊಂಡರು. ಆಗಲೂ ನೋಯಲಿಲ್ಲ. ಹೆದರಿಕೆಯೊಂದೇ ಆದದ್ದು.

ಎರಡು ದಿನ ಬಿಟ್ಟು, ಬಟ್ಟೆ ಸುತ್ತಿದ ಬೆರಳಿನೊಂದಿಗೇ ಆಸ್ಪತ್ರೆಗೆ ಹೋದರು. ಹೊರಡುವ ಮುಂಚೆ ಮಾಸ್ಟ್ರು ಹೆಂಡತಿಗೆ ಹೇಳಿಯೇ ಹೇಳಿದರು: "ಕತ್ತರಿ ತಾಗಿತು ಅಂತೀನಿ. ನೀನು ತುಟಿ ಪಿಟಕ್ ಅನ್ಬೇಡ."

"ಬೆರಳಿಗೆ ಏನಾಯ್ತು?" ಎಂದರು ಡಾಕ್ಟರಮ್ಮ. ಅಷ್ಟಕ್ಕೇ ಮಾಸ್ಟ್ರ ಕೈ ಅಂಗಿಯ ಗುಂಡಿಗಳನ್ನು ಮುಚ್ಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ.

"ಕತ್ತರಿ ತಾಗಿ..."

"ಸುಳ್ಳು ಮೇಡಂ" ಎಂದರು ಹೆಂಡತಿ. "ಬೆರಳಲ್ಲಿ ಸೂಜಿ ಹೋದ್ರೂ ಅವರಿಗೆ ಗೊತ್ತಾಗಲ್ಲ. ಆ ಗುಂಡಿ ಸುಳ್ಳು. ನಾನೇ ಹೊಲಿದದ್ದು. ಬೈಯೋದಾದ್ರೆ ನನ್ನ ಬೈರಿ, ಔಷಧಿ ಮಾತ್ರ ನಿಲ್ಲಿಸಬೇಡಿ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಮಾಸ್ಟ್ರ ಎರಡೂ ಕೈ ಹಿಡಿದು, ಕಣ್ಣು ಮುಚ್ಚಿಸಿ, ಒಂದೊಂದೇ ಬೆರಳನ್ನು ಹತ್ತಿಯಿಂದ ಮುಟ್ಟುತ್ತಾ ಬಂದರು. ಮಾಸ್ಟ್ರು "ಹೂಂ" ಎಂದದ್ದು ಅಂಗೈ ಬಂದಮೇಲೆಯೇ.

"ಎಷ್ಟು ತಿಂಗಳಾಯ್ತು?"

"ನಾಲ್ಕು."

"ಮಾಸ್ಟ್ರೇ, ನಿಮಗೆ ಹೋಗ್ತಿರೋದು ಮೂರು ಔಷಧಿ. ನರಕ್ಕೆ ಪೆಟ್ಟು ಕೊಡೋದು ಅದರಲ್ಲಿ ಒಂದೇ. ಅವತ್ತೇ ಹೇಳಿದ್ದಿದ್ರೆ ಅದೊಂದನ್ನ ಬಿಟ್ಟು ಉಳಿದ ಎರಡನ್ನ ಕೊಡ್ತಿದ್ದೆ. ಈಗಲೂ ಅದೇ ಮಾಡೋದು. ಒಂದನ್ನ ನಿಲ್ಲಿಸಿದ್ರೆ ಎಲ್ಲಾ ಮುಗೀತು ಅಂತಲ್ಲ."

ಮಾಸ್ಟ್ರಿಗೆ ಇದು ಒಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಯಾವುದು ನಿಂತುಬಿಡುತ್ತದೆಂದು ಹೆದರಿ ಬೆರಳು ಕಳೆದುಕೊಂಡರೋ, ಅದು ನಿಲ್ಲುವುದೇ ಇರಲಿಲ್ಲ.

"ಬೆರಳು ವಾಪಸ್ ಬರುತ್ತಾ?" ಎಂದು ಹೆಂಡತಿ ಕೇಳಿದರು.

"ಕೆಲವರಿಗೆ ಬರುತ್ತೆ. ಕೆಲವರಿಗೆ ಪೂರ್ತಿ ಬರಲ್ಲ. ನಿಮಗೆ ಹೇಗೋ, ನಂಗೆ ಗೊತ್ತಿಲ್ಲಮ್ಮ."

"ಆ ಡ್ರೈವರು..." ಎಂದರು ಮಾಸ್ಟ್ರು.

"ಬೇರೆಯವರ ವಿಷಯ ನಾನು ಹೇಳೋ ಹಾಗಿಲ್ಲ."

"ಮತ್ತೆ ಈ ಎರಡು ಔಷಧಿ, ಅದು ಎಷ್ಟು ದಿನ?"

ಡಾಕ್ಟರಮ್ಮ ಅದೇ ಉತ್ತರ ಕೊಟ್ಟರು. ಈ ಸಲ ಮಾಸ್ಟ್ರು ತಲೆಯಾಡಿಸಿದರು. ಒಪ್ಪಿಗೆಯಾಗಿ ಅಲ್ಲ, ಸುಸ್ತಾಗಿ.

ಕುರ್ಚಿಯಲ್ಲಿ ಒರಗಿದರು. ಎಂದಿಗಿಂತ ಚಿಕ್ಕ ಚೀಲ ಬಂತು. ಚಿಕ್ಕದಾಗಿದ್ದಕ್ಕೇ ಜೀವ ಹಾರಿದಂತಾಯಿತು: ಇಷ್ಟು ಸಾಕೇ ಒಳಗಿರುವ ಅದಕ್ಕೆ? ಮುಂದಿನ ಸ್ಕ್ಯಾನಿಗೆ ಇನ್ನೂ ಎರಡು ತಿಂಗಳು. ಅಷ್ಟರಲ್ಲಿ ಅದು ಬೆಳೆದರೆ? ಹೆಂಡತಿ ಪಕ್ಕದ ಸ್ಟೂಲಿನಲ್ಲಿ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಮೊದಲನೇ ದಿನಾನೇ ಹೇಳ್ಬೇಕಿತ್ತು ನಾನು. ಕೂತು ಹೊಲಿದುಕೊಟ್ಟೆನಲ್ಲ, ಪಾಪಿ" ಎಂದರು.

"ಹೊಲಿ ಅಂದಿದ್ದು ನಾನು. ಸುಮ್ನಿರು" ಎಂದರು ಮಾಸ್ಟ್ರು. ಹನಿ ಬೀಳುವುದನ್ನು ನೋಡಲಾರದೆ ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಮೇಲೆ ಇನ್ನೂ ಭಯವಾಯಿತು. ಮೂವತ್ತೊಂದು ವರ್ಷದಲ್ಲಿ ಎಂದೂ ನಾಲ್ಕು ಜನರ ಎದುರು ಕೇಳದಿದ್ದದ್ದನ್ನು ಕೇಳಿದರು.

"ನಂಗೆ ಹೆದರಿಕೆ ಆಗ್ತಿದೆ ಕಣೇ. ನನ್ನ ಬೆರಳು ಹಿಡ್ಕೊಂಡಿರು."

ಆಕೆ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

"ಹಿಡ್ಕೊಂಡೇ ಇದೀನಲ್ರೀ" ಎಂದರು. "ಆಗಲಿಂದ."