ಚಿಂತಾಕಿಯಲ್ಲಿ ತೊಳೆದ ಬಾಟಲಿ

ಫೋನ್ ಮಾಡಿದ್ದೇ ನನ್ನ ತಪ್ಪು. ಹೇಳದೆ ಕೇಳದೆ ಹೋಗಿ ಬಾಗಿಲು ತಟ್ಟಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಬಾಟಲಿಯೊಳಗೆ ಕಟ್ಟಿದ ಹಳೆಯ ಗೊಂಬೆ ದೃಶ್ಯಗಳನ್ನು ಕೂಡಿಡುವ ಹುಚ್ಚು ನನಗೆ. ಮಂಚ, ತೊಟ್ಟಿಲು, ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸು, ಎಲ್ಲವನ್ನೂ ಕಿರುಬೆರಳು ಹೋಗದ ಬಾಯಿಯಿಂದ ತೂರಿಸಿ, ಕಡ್ಡಿಯಲ್ಲೇ ನಿಲ್ಲಿಸಿದ್ದು. ಭಾಲ್ಕಿಯ ಗುಜರಿ ಅಂಗಡಿಯಲ್ಲಿ ಎರಡು ಸಿಕ್ಕವು, ಬೀದರಿನ ಹಳೆಯ ಮನೆಗಳಲ್ಲಿ ಒಂಬತ್ತು. ಅದೇ ಊರಿನ ಮೈಲೂರು ಬಡಾವಣೆಯ ನಮ್ಮ ಮನೆಯ ಕಪಾಟು ತುಂಬಿತು. ಆದರೆ ನಾನು ಹುಡುಕುತ್ತಿದ್ದದ್ದು ಬೇರೆಯೇ. ಅವ್ವನ ಅಪ್ಪ ಮಿಷನ್ ಆಸ್ಪತ್ರೆಯ ಕಂಪೌಂಡರ್. ಔಷಧದ ಬಾಟಲಿಯೊಳಗೆ ಒಂದು ಬಾವಿ ಕಟ್ಟಿದ್ದನಂತೆ: ರಾಟೆ, ಹಗ್ಗ, ನೀರು ಸೇದುವ ಹೆಂಗಸು. ಚಿಂತಾಕಿಯ ಗೆಳೆಯನೊಬ್ಬ ಹೊಸ ಮನೆ ಕಟ್ಟಿದಾಗ ಅದನ್ನು ಅವನಿಗೆ ಕೊಟ್ಟುಬಿಟ್ಟನಂತೆ. ಎಪ್ಪತ್ತು ದಾಟಿದ ಅವ್ವ, "ಕಣ್ಣು ಮುಚ್ಚೂದ್ರಾಗ ಒಮ್ಮೆ ನೋಡಬೇಕಲೊ" ಎನ್ನುತ್ತಲೇ ಇದ್ದಳು.

ಬಾಟಲಿ ಇನ್ನೂ ಆ ಗೆಳೆಯನ ಮನೆಯಲ್ಲೇ ಇದೆ ಎಂದು ಗೊತ್ತಾದ ದಿನ ಖುಷಿಗೆ, "ಐತವಾರ ಬರ್ತೇನ್ರಿ" ಎಂದು ಫೋನಿನಲ್ಲಿ ಹೇಳಿಬಿಟ್ಟೆ. ನಮ್ಮ ಕಡೆಯ ಮರ್ಯಾದೆ ನನಗೆ ನೆನಪಿರಬೇಕಿತ್ತು. ಮಂದಿ ಬರುತ್ತಾರೆಂದರೆ ಹಿತ್ತಾಳೆ ಕೊಡದಿಂದ ಹಿಡಿದು ಬಾಗಿಲ ಚಿಲಕದವರೆಗೆ ತಿಕ್ಕದೆ ಬಿಡುವುದಿಲ್ಲ.

ಆ ಮನೆಯ ಸೊಸೆ, ಈಗ ಅವರೂ ಮುದುಕಿ, ತಟ್ಟೆಯಲ್ಲಿ ಬಾಟಲಿ ತಂದಿಟ್ಟರು. ಫಳಫಳ ಹೊಳೆಯುತ್ತಿತ್ತು. ಒಳಗೆ ಏನೂ ಇರಲಿಲ್ಲ.

"ಧೂಳ ಕುಂತಿತ್ರಿ ಮಾಸ್ತರ. ಬೀದರದಿಂದ ಬರೋರ ಮುಂದ ಹಂಗ ಹ್ಯಾಂಗ ಇಡೂದ್ರಿ? ಬಿಸಿನೀರಾಗ ಸೋಡಾ ಹಾಕಿ ತೊಳದೀನ್ರಿ."

ಜಾಲಿ ಅಂಟಿನ ಮೇಲೆ ನಿಂತ ಬಾವಿ ಬಿಸಿನೀರಿಗೆ ಬಿಡದೆ ಇರುತ್ತದೆಯೇ!

"ಕಾಕೀ, ಒಳಗಿನ ಸಾಮಾನ?"

ಅವರು ನಗುತ್ತಲೇ ಒಂದು ಬಟ್ಟೆಯ ಗಂಟು ಕೊಟ್ಟರು. "ಒಂದೂ ಚೆಲ್ಲಿಲ್ರಿ. ಎಲ್ಲಾ ಆರಿಸಿ ಇಟ್ಟೀನಿ."

ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹೋಳಿಗೆ ಬಡಿಸಿದರು. ತುಪ್ಪ ಸುರಿಯುವವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಉಂಡು, ಅವರು ಕೊಟ್ಟ ಖಾಲಿ ಬಾಟಲಿಯನ್ನೂ ಗಂಟನ್ನೂ ಹಿಡಿದು ಬಂದೆ. ಬಸ್ಸು ಔರಾದ್ ದಾಟಿದರೂ ಹಲ್ಲು ಕಡಿಯುತ್ತಲೇ ಇದ್ದೆ.

ಮನೆಗೆ ಬಂದು ಗಂಟನ್ನು ಅವ್ವನ ಮುಂದೆ ಎಸೆದಂತೆ ಇಟ್ಟೆ. "ನೋಡು ನಿಮ್ಮಪ್ಪನ ಬಾವಿ. ಸತ್ಯಾನಾಶ ಮಾಡಿ ಕೊಟ್ಟಾರ."

ಅವ್ವ ಗಂಟು ಬಿಚ್ಚಿದಳು. ಉಗುರಿನಷ್ಟಿದ್ದ ರಾಟೆಯನ್ನು ಅಂಗೈ ಮೇಲಿಟ್ಟು ಬೆರಳಿನಿಂದ ತಿರುಗಿಸಿದಳು. ತಿರುಗಿತು.

"ಇದಕ್ಕ ಎಷ್ಟ ಅತ್ತಿದ್ದೆ," ಎಂದಳು. "ಒಮ್ಮೆನೂ ಮುಟ್ಟಾಕ ಕೊಡಲಿಲ್ಲ ನಮ್ಮಪ್ಪ."

ಮತ್ತೆ ಕಟ್ಟೋಣವೆಂದು ನಾನು ಅಂಟು ಕಲಸಿ ಕೂತರೆ ಅವ್ವ ರಾಟೆ ಕೊಡಲಿಲ್ಲ. ಹನ್ನೆರಡನೆಯ ಬಾಟಲಿ ಕಪಾಟಿನಲ್ಲಿ ಖಾಲಿಯೇ ನಿಂತಿದೆ. ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ರಾಟೆ ಅವ್ವನ ಸೆರಗಿನ ಗಂಟಿನಲ್ಲಿದೆ.